ನಿದ್ದೆ ಡಾಕ್ಟರ ಎಡಗೈ

ಅರಿವಳಿಕೆ ತಜ್ಞರು ಎಂಬ ಮಾತು ಊರಿನವರ ಬಾಯಿಗೆ ಹತ್ತಲಿಲ್ಲ. ಬಾಯಿಗೆ ಹತ್ತದ್ದನ್ನು ಊರು ತನಗೆ ಬೇಕಾದ ಹಾಗೆ ತಿದ್ದಿಕೊಳ್ಳುತ್ತದೆ. ಹಾಗಾಗಿ ಆಸ್ಪತ್ರೆಯ ಆ ಡಾಕ್ಟರು ಮೂವತ್ತು ವರ್ಷಗಳಿಂದ ಎಲ್ಲರಿಗೂ ನಿದ್ದೆ ಡಾಕ್ಟರು. ದಾರಿಯಲ್ಲಿ ಸಿಕ್ಕವರು, ನಮ್ಮತ್ತೆಗೂ ಒಂದು ಸೂಜಿ ಹಾಕಿಬಿಡಿ, ಮನೆ ಎರಡು ದಿನ ತಣ್ಣಗಿರಲಿ ಎಂದು ನಗುತ್ತಿದ್ದರು. ಅವರೂ ನಗುತ್ತಿದ್ದರು. ಊರಿಗೆಲ್ಲ ನಿದ್ದೆ ಹಂಚುವ ಮನುಷ್ಯನದು ಮನೆಯಲ್ಲಿ ಬರೀ ಕೋಳಿನಿದ್ದೆ ಎಂಬುದು ಅವರ ಹೆಂಡತಿಗಷ್ಟೇ ಗೊತ್ತಿದ್ದ ಗುಟ್ಟು.

ಅವರ ಬಂಡವಾಳವೆಲ್ಲ ಒಂದು ಪುಟ್ಟ ಗಾಜಿನ ಸೀಸೆಯೊಳಗಿನ ಹಳದಿ ಪುಡಿ. ಥಯೋಪೆಂಟೋನ್ ಎಂದು ಅದರ ಹೆಸರು. ದೊಡ್ಡ ಆಸ್ಪತ್ರೆಗಳಿಗೆ ಹಾಲಿನಂಥ ಬಿಳಿ ಔಷಧಿ ಬಂದಿತ್ತು. ಇಲ್ಲಿನ ಬೀರುವಿನಲ್ಲಿ ಇನ್ನೂ ಹಳದಿಯದೇ ರಾಜ್ಯ. ಆ ಪುಡಿಗೆ ನೀರು ಬೆರೆಸುವ ಕೆಲಸವನ್ನು ಅವರು ಯಾರಿಗೂ ಬಿಟ್ಟುಕೊಡುತ್ತಿರಲಿಲ್ಲ. ನೀರು ಕಮ್ಮಿ ಹಾಕಿ ಗಟ್ಟಿ ಮಾಡಿಕೊಂಡರೆ ಸಿರಿಂಜ್ ಬೇಗ ಖಾಲಿಯಾಗುತ್ತದೆ ನಿಜ, ತಪ್ಪಾದರೆ ಅನಾಹುತವೂ ಅಷ್ಟೇ ಗಟ್ಟಿಯಾಗಿರುತ್ತದೆ ಎನ್ನುತ್ತಿದ್ದರು. ಸೀಸೆಯನ್ನು ಬೆಳಕಿಗೆ ಹಿಡಿದು, ಒಂದು ಕಣವೂ ತೇಲುತ್ತಿಲ್ಲವೆಂದು ಕಂಡ ಮೇಲೆಯೇ ಸಿರಿಂಜಿಗೆ ಎಳೆದುಕೊಳ್ಳುವರು.

ಇಷ್ಟು ವರ್ಷವಾದರೂ ಆ ಮನುಷ್ಯನ ಬೆರಗು ಮಾತ್ರ ಹಳತಾಗಿರಲಿಲ್ಲ. ಎದುರಿಗೆ ಒಬ್ಬರು ಮಲಗಿದ್ದಾರೆ, ಹೆದರಿದ್ದಾರೆ, ಮಾತಾಡುತ್ತಿದ್ದಾರೆ. ಔಷಧಿ ತೋಳಿನಿಂದ ಎದೆಗೆ, ಎದೆಯಿಂದ ತಲೆಗೆ ಹೋಗುತ್ತದೆ. "ಬಾಯಲ್ಲಿ ಏನೋ ಬೆಳ್ಳುಳ್ಳಿ ಥರ..." ಎನ್ನುತ್ತಾರೆ, ಅಷ್ಟೇ. ರೆಪ್ಪೆಯ ಕೂದಲನ್ನು ಬೆರಳ ತುದಿಯಿಂದ ಸವರಿದರೆ ಕಣ್ಣು ಮಿಟುಕುವುದಿಲ್ಲ. ಆಮೇಲೆ ಉಸಿರು ಕೂಡ ಸಣ್ಣದಾಗಿ, ಕೆಲವು ಸಲ ನಿಂತೇ ಹೋಗುತ್ತದೆ. ಅಲ್ಲಿಂದ ಮುಂದಕ್ಕೆ ಆ ಜೀವ ಎಡಗೈಯಲ್ಲಿ. ನಿದ್ದೆ ಡಾಕ್ಟರು ಎಡಗೈಯ ಬೆರಳುಗಳಲ್ಲಿ ದವಡೆಯನ್ನೆತ್ತಿ, ಅದೇ ಕೈಯಲ್ಲಿ ಮುಖಕ್ಕೆ ಮಾಸ್ಕ್ ಒತ್ತಿ ಹಿಡಿದು, ಬಲಗೈಯಿಂದ ರಬ್ಬರ್ ಚೀಲ ಹಿಸುಕುತ್ತ ಅವರ ಪಾಲಿನ ಉಸಿರನ್ನು ತಾವು ಕೊಡುತ್ತಿದ್ದರು. ಎಷ್ಟು ದವಡೆಗಳನ್ನು ಆ ಎಡಗೈ ಹೊತ್ತಿತ್ತೋ, ಲೆಕ್ಕ ಇಟ್ಟವರಿಲ್ಲ. ಕಿರುಬೆರಳು ಅದೇ ಕೆಲಸ ಮಾಡಿ ಮಾಡಿ ಕೊಂಚ ಡೊಂಕಾಗಿತ್ತು.

ಒಮ್ಮೆ ಒಬ್ಬಾಕೆ, ಒಲೆಯ ಮೇಲೆ ಹಾಲಿಟ್ಟು ಬಂದಿದ್ದೇನೆ, ನನ್ನ ಸೊಸೆ ಅದನ್ನ... ಎನ್ನುತ್ತಿದ್ದಂತೆಯೇ ನಿದ್ದೆಗೆ ಜಾರಿದ್ದಳು. ಹೊಟ್ಟೆ ಕುಯ್ದು, ಹೊಲಿದು, ಎಲ್ಲ ಮುಗಿದು ಎಚ್ಚರವಾದಾಗ ಕಣ್ಣು ಬಿಡುವ ಮೊದಲೇ, ನೋಡೋದೇ ಇಲ್ಲ ಎಂದು ಮಾತು ಮುಗಿಸಿದಳು. ಥಿಯೇಟರಿನವರೆಲ್ಲ ಹೊಟ್ಟೆ ಹಿಡಿದು ನಕ್ಕರು. ನಿದ್ದೆ ಡಾಕ್ಟರಿಗೆ ನಗು ಬರಲಿಲ್ಲ. ಆ ಮಾತಿನ ನಡುವೆ ಈಕೆ ಎಲ್ಲಿಗೆ ಹೋಗಿದ್ದಳು? ಅಂದಿನಿಂದ ಸಂಜೆ ವಾರ್ಡಿಗೆ ಹೋಗಿ, ತಾವು ಮಲಗಿಸಿದವರನ್ನೆಲ್ಲ ಎಲ್ಲಿಗೆ ಹೋಗಿದ್ದಿರಿ ಎಂದು ಕೇಳುವುದು ಅವರಿಗೊಂದು ಚಟವಾಯಿತು. ಯಾರೂ ಸರಿಯಾದ ಉತ್ತರ ಕೊಟ್ಟಿರಲಿಲ್ಲ. ಚಾವಣಿಯ ಮೇಲೆ ಒಂದು ಕುದುರೆ ಕಂಡಿತು ಎಂದು ಮಾತ್ರ ಬಹಳ ಮಂದಿ ಹೇಳುತ್ತಿದ್ದರು. ಔಷಧಿ ತೋರಿಸುವ ಕನಸು ಎಂದುಕೊಂಡು ಅವರು ಸುಮ್ಮನಾಗಿದ್ದರು.

ಅವರ ಕೈಕೆಳಗೆ ಕಲಿಯಲು ಬಂದ ಹುಡುಗಿಗೆ ಆಸ್ಪತ್ರೆ ಮರಿ ನಿದ್ದೆ ಎಂದು ಹೆಸರಿಟ್ಟು, ಕೊನೆಗೆ ಬರೀ ಮರಿ ಎಂದು ಉಳಿಸಿಕೊಂಡಿತು. ಅವಳು ಈಗ ಪೂರ್ತಿ ಡಾಕ್ಟರು. ಆದರೂ ಹೆಸರು ಬೆಳೆಯಲಿಲ್ಲ. ನಿದ್ದೆ ಡಾಕ್ಟರು ಅವಳಿಗೆ ಕಲಿಸಿದ್ದು ಬಹಳವಿಲ್ಲ, ಕಲಿಸಿದ್ದನ್ನು ಸಾವಿರ ಸಲ ಹೇಳಿದ್ದರು. ಗಂಟಲಿನ ಜೊಲ್ಲು ಹೀರುವ ಯಂತ್ರ ಓಡುತ್ತಿಲ್ಲದೆ, ಆಮ್ಲಜನಕ ಕೈಗೆಟುಕದೆ ಸಿರಿಂಜ್ ಮುಟ್ಟಬೇಡ. ಮುದುಕರಿಗೆ, ಬಡಕಲಾದವರಿಗೆ ಕಮ್ಮಿ ಹಾಕು, ನಿಧಾನ ಹಾಕು. ಮನೆತನದಲ್ಲಿ ಹಿಂದೆ ಯಾರಾದರೂ ಇಂಥ ಸೂಜಿಯಿಂದ ಕಷ್ಟಪಟ್ಟಿದ್ದಾರಾ ಎಂದು ಕೇಳದೆ ಬಿಡಬೇಡ. ಎಲ್ಲಕ್ಕಿಂತ ಹೆಚ್ಚಾಗಿ, ಮೊಣಕೈ ಮಡಿಕೆಗೆ ಹೋಗಬೇಡ. ಅಲ್ಲಿ ನೀಲಿ ನಾಳದ ಮಗ್ಗುಲಲ್ಲೇ, ಕೆಲವರಲ್ಲಿ ಚರ್ಮಕ್ಕೆ ತಾಗಿಕೊಂಡೇ, ಕೈಗೆ ರಕ್ತ ಒಯ್ಯುವ ಅಪಧಮನಿ ಇರುತ್ತದೆ. ಹಳದಿ ನೀರು ತಪ್ಪಿ ಅದಕ್ಕೆ ಹೋದರೆ ಬೆರಳುಗಳ ಗತಿ ಮುಗಿಯಿತು. ಅವರು ಕಲಿಯುವ ಕಾಲದಲ್ಲಿ ಬೇರೆಲ್ಲೋ ಒಬ್ಬ ದರ್ಜಿಯ ಬೆರಳುಗಳು ಹಾಗೆ ಕಪ್ಪಾಗಿ ಒಣಗಿದ್ದನ್ನು ಕಣ್ಣಾರೆ ಕಂಡಿದ್ದರು.

"ಮೊದ್ಲು ಒಂಚೂರು ಹಾಕು, ಕೈ ತಡಿ" ಎನ್ನುತ್ತಿದ್ದರು. "ಉರೀತಿದೆಯಾ ಅಂತ ಕೇಳು. ಕೇಳ್ಬಿಟ್ಟು ಬಾಯಿ ನೋಡ್ಬೇಡ, ಬೆರಳು ನೋಡು. ಮಾನವಂತರ ಬಾಯಿ ಸುಳ್ಳು ಹೇಳುತ್ತೆ. ಬೆರಳಿಗೆ ಮಾನ ಮರ್ಯಾದೆ ಇಲ್ಲ."

ಇಂಥ ನಿದ್ದೆ ಡಾಕ್ಟರಿಗೆ ಪಿತ್ತಕೋಶದಲ್ಲಿ ಕಲ್ಲುಗಳಾದವು. ಊಟವಾದ ಮೇಲೆ ಬಲಪಕ್ಕೆ ಹಿಡಿದುಕೊಂಡು ಕೂರುತ್ತಿದ್ದರು. ಹೆಂಡತಿ ಕೇಳಿದರೆ ವಾಯು ಎನ್ನುತ್ತಿದ್ದರು. ಆಕೆ ತಿಂಗಳುಗಟ್ಟಲೆ ಆ ವಾಯುವನ್ನು ಸಹಿಸಿ, ಒಂದು ದಿನ ನೇರವಾಗಿ ಅವರ ಹಳೆಯ ಗೆಳೆಯನಾದ ಸರ್ಜನ್ನನ ಮನೆಗೆ ಹೋಗಿ ದೂರಿತ್ತು ಬಂದರು. ಆಸ್ಪತ್ರೆಯಲ್ಲಿ ಕತ್ತರಿ ಎಂದೇ ಹೆಸರಾದ ಆ ಸರ್ಜನ್ ದಿನ ಗೊತ್ತುಮಾಡಿಯೇಬಿಟ್ಟ. ಬೇರೆ ಊರಿಂದ ಹಿರಿಯರನ್ನು ಕರೆಸೋಣವೇ ಎಂದ. ನಿದ್ದೆ ಡಾಕ್ಟರು ಒಪ್ಪಲಿಲ್ಲ. ಮರಿ ಇದ್ದಾಳಲ್ಲ ಎಂದರು.

ಮರಿಯ ಮುಖ ಬಿಳಿಚಿಕೊಂಡಿದ್ದನ್ನು ಅವರು ನೋಡಿದರು. ಆಗಲೇ ಅವರು ಮನಸ್ಸಿನಲ್ಲಿ ಒಂದು ತೀರ್ಮಾನಕ್ಕೆ ಬಂದರು: ಈ ಹುಡುಗಿಗೆ ತಮ್ಮಿಂದ ಕಿಂಚಿತ್ತೂ ತೊಂದರೆಯಾಗಬಾರದು. ಲೋಕದಲ್ಲೇ ಅತಿ ಸುಲಭದ ರೋಗಿಯಾಗಿ ಮಲಗಿಬಿಡಬೇಕು. ಒಳ್ಳೆಯ ಮನಸ್ಸಿನಿಂದ ಮಾಡಿದ ತೀರ್ಮಾನಗಳೇ ಮನುಷ್ಯನನ್ನು ಹಳ್ಳಕ್ಕೆ ತಳ್ಳುವುದು ಹೆಚ್ಚು. ಕೆಟ್ಟದ್ದನ್ನು ಮಾಡುವಾಗ ಯಾರಾದರೂ ಸ್ವಲ್ಪ ಹುಷಾರಾಗಿರುತ್ತಾರೆ.

ಆ ಬೆಳಿಗ್ಗೆ ಥಿಯೇಟರಿನ ಮೇಜಿನ ಮೇಲೆ ಅಂಗಾತ ಮಲಗಿದಾಗ ಅವರಿಗೆ ಮೊದಲು ಕಂಡದ್ದು ಕುದುರೆ. ದೀಪದ ಪಕ್ಕ, ಚಾವಣಿಯಲ್ಲಿ, ಹಿಂದೆಂದೋ ನೀರಿಳಿದು ಆದ ಕಂದು ಕಲೆ. ನಾಲ್ಕು ಕಾಲು, ಬಾಲ, ಸ್ವಲ್ಪ ಉದ್ದವೆನ್ನಿಸುವ ಕತ್ತು. ಮೂವತ್ತು ವರ್ಷ ಇದೇ ಕೋಣೆಯಲ್ಲಿ ನಿಂತವರು ಒಮ್ಮೆಯೂ ಕತ್ತೆತ್ತಿ ನೋಡಿರಲಿಲ್ಲ. ಅಷ್ಟು ಜನ ಹೇಳಿದ್ದು ಕನಸಲ್ಲ, ಕಣ್ಣಿಗೆ ಕಂಡದ್ದು ಎಂದು ತಿಳಿದು ಅವರಿಗೆ ಮೈ ಜುಮ್ಮೆಂದಿತು. ಮಲಗಿದವರ ಕೋಣೆಯೇ ಬೇರೆ, ನಿಂತವರ ಕೋಣೆಯೇ ಬೇರೆ.

ಅಷ್ಟರಲ್ಲಿ ಮರಿ ಒಂದು ಟ್ರೇ ಹಿಡಿದು ಪಕ್ಕದಲ್ಲಿ ನಿಂತಳು. "ಸರ್, ಹಲ್ಲು" ಎಂದಳು ಮೆಲ್ಲಗೆ.

ಮುಂದಿನ ಎರಡು ಹಲ್ಲು ಕಟ್ಟಿಸಿದ್ದು ಎಂಬುದನ್ನು ಅವರು ಯಾರಿಗೂ ಹೇಳಿರಲಿಲ್ಲ. ಆಪರೇಷನ್ನಿಗೆ ಮೊದಲು ತುಂಬುವ ಪಟ್ಟಿಯಲ್ಲಿ ಕಟ್ಟಿಸಿದ ಹಲ್ಲು ಇದೆಯೇ ಎಂಬ ಪ್ರಶ್ನೆಗೆ ಸ್ವಂತ ಕೈಯಿಂದ ಇಲ್ಲ ಎಂದು ಬರೆದಿದ್ದರು. ನಿದ್ದೆಯಲ್ಲಿ ಗಂಟಲಿಗೆ ಜಾರುತ್ತದೆ ಎಂದು ಎಷ್ಟು ಮುದುಕರ ಕಟ್ಟಿಸಿದ ಹಲ್ಲುಗಳನ್ನು ತಾವೇ ತೆಗೆಸಿಟ್ಟಿದ್ದರು! ಈಗ ಕತ್ತರಿ, ಸಿಸ್ಟರು ಎಲ್ಲರೂ ನೋಡುತ್ತಿದ್ದಾರೆ. ಯಾರು ಹೇಳಿದ್ದು ಎಂದು ಕೇಳಬೇಕಾಗಿರಲಿಲ್ಲ. ಬಾಗಿಲ ಹೊರಗೆ ಕೂತಿದ್ದ ಹೆಂಡತಿಯ ಕೆಲಸ. ಹಲ್ಲು ಟ್ರೇಗೆ ಬಿತ್ತು. ಕತ್ತರಿ ಮುಖ ಆಚೆ ತಿರುಗಿಸಿದ, ಅವನ ಭುಜ ಕುಣಿಯುತ್ತಿತ್ತು.

ಈ ಅವಮಾನದ ಬಿಸಿಯಲ್ಲೇ ಮುಂದಿನದು ನಡೆಯಿತು. ಮರಿ ಅವರ ಎಡಗೈಯ ಹಿಂಬದಿಯಲ್ಲಿ ಸೂಜಿ ಹಾಕಲು ನೋಡಿದಳು. ನಾಳ ಜಾರಿತು. ಮತ್ತೊಂದು ಸಲ ನೋಡಿದಳು, ಅದೂ ಊದಿಕೊಂಡಿತು. ಅವಳ ಹಣೆಯಲ್ಲಿ ಬೆವರು ಕಂಡು ಅವರಿಗೆ ತಡೆಯಲಾಗಲಿಲ್ಲ. ಮೊಣಕೈಯಲ್ಲಿ ಹಗ್ಗದಂಥ ನರ ಇದೆ, ಅಲ್ಲೇ ಹಾಕು ಎಂದರು. ಅವಳು ತಲೆ ಅಲ್ಲಾಡಿಸಿದಳು. ಅವರು ದನಿ ಎತ್ತರಿಸಿ, ರಬ್ಬರ್ ಪಟ್ಟಿ ಇನ್ನೂ ಬಿಗಿ ಮಾಡು, ಹಾಕು ಎಂದರು. ಗುರುವಿನ ದನಿ ಅದು. ಅವಳ ಕೈ ಆ ದನಿಗೇ ಪಳಗಿದ್ದು. ಪಟ್ಟಿ ಅಷ್ಟು ಬಿಗಿಯಾದ ಮೇಲೆ ಯಾವ ನಾಳವೂ ಮಿಡಿಯುವುದಿಲ್ಲ, ಯಾವುದು ಯಾವುದೆಂದು ಬೆರಳಿಗೆ ತಿಳಿಯುವುದಿಲ್ಲ. ಸೂಜಿ ಹೊಕ್ಕಿತು, ರಕ್ತ ಬಂತು, ಪಟ್ಟಿ ಸಡಿಲವಾಯಿತು.

ಅವಳು ಒಂಚೂರು ಔಷಧಿ ಹಾಕಿ ಕೈ ತಡೆದಳು.

ಕಾದ ಕಬ್ಬಿಣದ ಸರಳೊಂದು ಮೊಣಕೈಯಿಂದ ಬೆರಳ ತುದಿಯವರೆಗೆ ಇಳಿದ ಹಾಗಾಯಿತು. ನಿದ್ದೆ ಡಾಕ್ಟರಿಗೆ ಆ ಕ್ಷಣವೇ ಎಲ್ಲ ಗೊತ್ತಾಯಿತು. ಗೊತ್ತಾಗಿಯೂ, ಒಳಗೆ ಇನ್ನೊಂದು ದನಿ ವಾದಕ್ಕಿಳಿಯಿತು: ಇದು ಬರೀ ನಾಳದ ಉರಿ ಇರಬಹುದು. ಈಗ ಅಯ್ಯೋ ಎಂದರೆ ಈ ಹುಡುಗಿ ಹೆದರುತ್ತಾಳೆ, ಎಲ್ಲರೆದುರು ಸೋತಂತಾಗುತ್ತದೆ, ಜೀವಮಾನವಿಡೀ ಅವಳ ಕೈ ನಡುಗುತ್ತದೆ. ಹಲ್ಲಿನ ವಿಷಯವೂ ಆ ವಾದದಲ್ಲಿ ಎಲ್ಲೋ ಇತ್ತು.

"ಉರೀತಿದೆಯಾ ಸರ್?"

"ಏನಿಲ್ಲ" ಎಂದರು. "ಮುಂದುವರ್ಸು."

ಮರಿ ಮುಂದುವರಿಸಲಿಲ್ಲ. ಅವಳ ಕಣ್ಣು ಅವರ ಮುಖದ ಮೇಲಿರಲಿಲ್ಲ. ಬಟ್ಟೆಯ ಹೊರಗೆ ಚಾಚಿದ್ದ ಎಡಗೈಯ ಬೆರಳುಗಳು ಮುದುಡುತ್ತಿದ್ದವು, ಉಗುರುಗಳು ಸುಣ್ಣದಂತೆ ಬಿಳುಪಾಗುತ್ತಿದ್ದವು. ಅವಳು ಅವರ ಮಣಿಕಟ್ಟು ಹಿಡಿದು ನಾಡಿ ಹುಡುಕಿದಳು. ಸಿಗಲಿಲ್ಲ.

"ನಿಮ್ಮ ಬೆರಳು ಬೇರೆ ಹೇಳ್ತಿದೆ ಸರ್" ಎಂದಳು.

ಅವಳ ಕೈ ನಡುಗಲಿಲ್ಲ. ಇದನ್ನು ಅವರು ಆಮೇಲೆ ಬಹಳ ಸಲ ನೆನೆದುಕೊಂಡರು. ಸೂಜಿಯನ್ನು ಕಿತ್ತುಹಾಕದೆ ಅಲ್ಲೇ ಉಳಿಸಿಕೊಂಡು, ಅದರಿಂದಲೇ ಸಲೈನ್ ಹರಿಸಿದಳು. ಬಿಗಿದುಕೊಂಡ ನಾಳವನ್ನು ಸಡಿಲಿಸುವ ಔಷಧಿ, ರಕ್ತ ಹೆಪ್ಪುಗಟ್ಟದಂತೆ ಇನ್ನೊಂದು. ಕಂಕುಳಿಗೆ ಮರಗಟ್ಟಿಸುವ ಚುಚ್ಚುಮದ್ದು ಕೊಟ್ಟು ಕೈಯ ನಾಳಗಳೆಲ್ಲ ಅರಳುವಂತೆ ಮಾಡಿದಳು. ಕೈಗವಸು ಹಾಕಿಕೊಂಡು ನಿಂತಿದ್ದ ಕತ್ತರಿಗೆ, ಇವತ್ತು ಆಪರೇಷನ್ ಇಲ್ಲ ಎಂದಳು. ಕತ್ತರಿ ಗವಸು ಬಿಚ್ಚಿದ. ಅವನೂ ಆ ಬೆರಳುಗಳನ್ನು ನೋಡಿದ್ದ.

ಆಮೇಲೆ ಮಾಡಲು ಉಳಿದದ್ದು ಕಾಯುವುದೊಂದೇ. ವಾರ್ಡಿನ ಕಿಟಕಿಯ ಪಕ್ಕ, ದಿಂಬಿನ ಮೇಲಿಟ್ಟ ಸ್ವಂತ ಎಡಗೈಯನ್ನು ನಿದ್ದೆ ಡಾಕ್ಟರು ಪರರ ಕೈ ನೋಡುವಂತೆ ನೋಡುತ್ತ ಕುಳಿತರು. ಮರಗಟ್ಟಿದ ಕೈಗೆ ಈಗ ಉರಿಯೂ ಇಲ್ಲ, ಭಾರವೂ ಇಲ್ಲ. ಬೆರಳುಗಳು ಮಾಸಲು ಬಿಳಿ. ದರ್ಜಿಯ ಬೆರಳುಗಳು ನೆನಪಾಗಿ ಅವರಿಗೆ ಭಯವಾಯಿತು, ಬರೀ ಭಯ. ಈ ಕೈ ಹೋದರೆ ಯಾರ ದವಡೆಯನ್ನೂ ಎತ್ತುವಂತಿಲ್ಲ, ಯಾರ ಉಸಿರನ್ನೂ ಕಾಯುವಂತಿಲ್ಲ. ಆ ಬೆರಗಿನ ಬಾಗಿಲೇ ಮುಚ್ಚಿದಂತೆ.

ಹೆಂಡತಿ ಪಕ್ಕದ ಸ್ಟೂಲಿನಲ್ಲಿ ಕೂತಿದ್ದರು. ಆ ಬಿಳಿಚಿದ ಬೆರಳುಗಳನ್ನು ಒಂದೊಂದಾಗಿ ನೋಡಿದರು. ಕೊನೆಗೆ, "ಪುರಾಣ ಹೇಳೋಕೆ, ಬದನೆಕಾಯಿ ತಿನ್ನೋಕೆ" ಎಂದು ಕುಟುಕಿ, ಸೆರಗಿನಿಂದ ಕಣ್ಣೊರೆಸಿಕೊಂಡರು.

ಮರಿ ಬಂದು ಬಂದು ಮಣಿಕಟ್ಟು ಮುಟ್ಟಿ ಹೋಗುತ್ತಿದ್ದಳು, ಅವರ ಮುಖ ನೋಡುತ್ತಿರಲಿಲ್ಲ. ಬಿಸಿಲು ಕಿಟಕಿಯಿಂದ ಹಾಸಿಗೆಯ ಮೇಲೆ ಬಂದ ಹೊತ್ತಿಗೆ ಅವಳ ಬೆರಳು ಮಣಿಕಟ್ಟಿನ ಮೇಲೆಯೇ ನಿಂತುಬಿಟ್ಟಿತು. ತೆಳುವಾಗಿ, ಇದ್ದೂ ಇಲ್ಲದಂತೆ, ನಾಡಿ ಬರುತ್ತಿತ್ತು. ಅವರು ನೋಡುತ್ತಿದ್ದಂತೆಯೇ ಹೆಬ್ಬೆರಳ ಉಗುರಿನಡಿ ಕೆಂಪು ಹಬ್ಬಿತು, ಆಮೇಲೆ ತೋರುಬೆರಳು, ಎಲ್ಲಕ್ಕಿಂತ ಕೊನೆಗೆ ಆ ಡೊಂಕು ಕಿರುಬೆರಳು. ಮರಿ ಗೋಡೆಗೆ ಆನಿಕೊಂಡು ಬಿಕ್ಕಿ ಬಿಕ್ಕಿ ಅತ್ತಳು.

"ಎಲ್ಲಿ ನಿನ್ನ ಕೈ ನಡುಗುತ್ತೋ ಅಂತ ಉರಿ ಮುಚ್ಚಿಟ್ಟೆ ಕಣೇ" ಎಂದರು ಅವರು.

"ನಾನು ನಿಮ್ಮನ್ನ ನಂಬಿದ್ರೆ ಈ ಕೈ ಹೋಗ್ತಿತ್ತು" ಎಂದಳು ಮರಿ. "ಮೇಜಿನ ಹತ್ರ ಡಾಕ್ಟರು ಒಬ್ರು ಸಾಕು ಸರ್. ಮುಂದಿನ ಸಲ ಬರೋದಾದ್ರೆ ರೋಗಿಯಾಗಿ ಬನ್ನಿ. ಇಲ್ದಿದ್ರೆ ಬೇರೆಯವರನ್ನ ಕರೆಸ್ಕೊಳಿ."

ಶಿಷ್ಯೆ ಗುರುವಿಗೆ ಆಡುವ ಮಾತಲ್ಲ. ಆದರೆ ಗುರುವಿಗೆ ಅದಕ್ಕಿಂತ ಸರಿಯಾದ ಮಾತನ್ನು ಯಾರೂ ಆಡಿರಲಿಲ್ಲ. ಅವರು ಹೂಂ ಎಂದರು.

ಕೈ ಪೂರ್ತಿ ತಮ್ಮದಾದ ಮೇಲೆ, ಬೆರಳುಗಳೆಲ್ಲ ಮೊದಲಿನಂತೆ ಮಡಿಚಿ ಬಿಚ್ಚಿ ತೋರಿಸಿದ ಮೇಲೆ, ಮತ್ತೊಂದು ಬೆಳಿಗ್ಗೆ ಅದೇ ಮೇಜಿಗೆ ಬಂದರು. ಹಲ್ಲನ್ನು ಮನೆಯಲ್ಲೇ ಬಿಟ್ಟು ಬಂದಿದ್ದರು. ಚಾವಣಿಯ ಕುದುರೆ ಅಲ್ಲೇ ಇತ್ತು. ಮರಿ ಈ ಸಲ ಬಲಗೈಯನ್ನು ಬಿಸಿ ಬಟ್ಟೆಯಲ್ಲಿ ಸುತ್ತಿಟ್ಟು, ನಾಳಗಳು ತಾವಾಗಿ ಎದ್ದು ಬರುವವರೆಗೆ ಕಾದಳು. ಕತ್ತರಿ ಒಂದು ಸಲ ಗಡಿಯಾರ ನೋಡಿದ. ಅವಳು ಅವನನ್ನು ನೋಡಿದಳು. ಅವನು ಮತ್ತೆ ಗಡಿಯಾರ ನೋಡಲಿಲ್ಲ. ಕೈಯ ಹಿಂಬದಿಯಲ್ಲಿ ಸಣ್ಣ ಸೂಜಿ ಸಲೀಸಾಗಿ ಹೊಕ್ಕಿತು.

ತಲೆಯ ಹಿಂದೆ ಹೀರುವ ಯಂತ್ರ ಸುಯ್ಗುಡುವುದು ಕೇಳಿಸಿತು. ನಿಂತು ಕೇಳುವಾಗ ಅದು ಬರೀ ಸದ್ದು. ಮಲಗಿ ಕೇಳುವಾಗ ಎಂಥ ಧೈರ್ಯ ಕೊಡುತ್ತದೆಂದು ಅವರು ಬೆರಗಾದರು. ಮರಿ ಸಿರಿಂಜನ್ನು ಬೆಳಕಿಗೆ ಹಿಡಿದು ನೋಡಿದಳು. ಒಂಚೂರು ಹಾಕಿದಳು. ಕೈ ತಡೆದಳು.

"ಉರೀತಿದೆಯಾ ಸರ್?"

ಅವರು ಒಳಗೆ ಹುಡುಕಿದರು. ತಣ್ಣಗಿತ್ತು. "ಉರಿ ಇಲ್ಲ" ಎಂದರು. ಆಮೇಲೆ, ರೋಗಿಯಾಗಿ ಬರುತ್ತೇನೆಂದು ಒಪ್ಪಿದ್ದು ನೆನಪಾಗಿ, "ಭಯ ಆಗ್ತಿದೆ" ಎಂದರು.

"ಆಗ್ಲಿ ಸರ್" ಎಂದಳು ಮರಿ. ಎಂದರೂ ಅವಳು ನೋಡುತ್ತಿದ್ದದ್ದು ಬೆರಳುಗಳನ್ನೇ. ಬಲಗೈಯ ಉಗುರುಗಳನ್ನು ಒಂದೊಂದಾಗಿ ನೋಡಿ, ಮಣಿಕಟ್ಟಿನ ನಾಡಿ ಮುಟ್ಟಿ, ಆಮೇಲೆ ಉಳಿದದ್ದನ್ನು ನಿಧಾನವಾಗಿ ಹಾಕತೊಡಗಿದಳು. ಅವಳು ತಮ್ಮ ಮಾತನ್ನು ಈಗಲೂ ನಂಬಲಿಲ್ಲವೆಂದು ಅವರಿಗೆ ಎದೆ ತುಂಬಿ ಬಂತು. ಅದನ್ನು ಹೇಳಬೇಕೆನ್ನಿಸಿತು. ನಾಲಿಗೆಯ ಮೇಲೆ ಬೆಳ್ಳುಳ್ಳಿ ಬಂದು ಕೂತಿತು. ಅಯ್ಯೋ, ಇದೇ ಅದು! ಅಷ್ಟು ಜನ ಹೇಳಿದ್ದು ಇದೇ. ಕುದುರೆ ಕತ್ತು ಹೊರಳಿಸಿದಂತಾಯಿತು.

"ಮರಿ, ಈ ಸಲ ನಾನು ಹೇಳಿದ್ದು" ಎಂದರು, "ನಿಜ."

ಹೇಳಿ ಮುಗಿಸಿ ಮೇಲೆ ನೋಡಿದರೆ ಕುದುರೆ ಇರಲಿಲ್ಲ. ಬೇರೆ ಚಾವಣಿ, ಕಲೆಯಿಲ್ಲದ್ದು. ಬೆಳಗಿನ ಬಿಸಿಲು ಎಲ್ಲೋ ಹೋಗಿಬಿಟ್ಟಿತ್ತು. ಹೊಟ್ಟೆಯ ಬಲಕ್ಕೆ ದಪ್ಪನೆಯ ಪಟ್ಟಿ, ಅದರಡಿಯಲ್ಲಿ ಮಂದವಾದ ನೋವು. ಅವರಿಗೆ ಮೊದಲು ಸಿಟ್ಟೇ ಬಂತು. ಕಣ್ಣು ಕೂಡ ಮುಚ್ಚಿರಲಿಲ್ಲ, ಇವರು ಯಾಕೆ ಎಲ್ಲ ಬದಲಾಯಿಸಿದರು? ಆಮೇಲೆ ತಿಳಿಯಿತು. ಒಲೆಯ ಮೇಲೆ ಹಾಲಿಟ್ಟು ಬಂದಾಕೆಯ ಹಾಗೆ ತಾವೂ ಒಂದು ಮಾತಿನ ನಡುವೆ ಹೋಗಿ ಬಂದಿದ್ದರು. ಎಲ್ಲಿಗೆಂದು ಹುಡುಕಿದರೆ ನೆನಪಿಲ್ಲದ್ದಲ್ಲ, ಜಾಗವೇ ಇಲ್ಲ. ಹೊಟ್ಟೆ ಕುಯ್ದಿದ್ದಾರೆ, ಕಲ್ಲು ತೆಗೆದಿದ್ದಾರೆ, ಹೊಲಿದಿದ್ದಾರೆ, ಆ ಹೊತ್ತೆಲ್ಲ ಅವರ ಪಾಲಿಗೆ ಒಂದು ಚೂರೂ ಬಂದಿಲ್ಲ. ಅದು ಯಾರ ಪಾಲಿಗೆ ಹೋಯಿತು?

ದವಡೆಯ ಕೆಳಗೆ ಸ್ವಲ್ಪ ನೋಯುತ್ತಿತ್ತು, ಎಡಗಡೆಯ ಅಂಚಿನಲ್ಲಿ, ಕಿರುಬೆರಳು ಒತ್ತುವ ಜಾಗದಲ್ಲಿ. ಆ ನೋವು ಅವರಿಗೆ ಚೆನ್ನಾಗಿ ಗೊತ್ತಿತ್ತು. ಆಚೆ ಬದಿಯಿಂದ ಮಾತ್ರ ಗೊತ್ತಿತ್ತು. ಊರು ತಮಗಿಟ್ಟ ಹೆಸರು ಎಷ್ಟು ತಪ್ಪೆಂದು ಆಗ ಹೊಳೆಯಿತು. ನಿದ್ದೆ ಕೊಡುವುದು ಆ ಹಳದಿ ಪುಡಿ. ಡಾಕ್ಟರು ಮಾಡುವುದು ಮಲಗಿದವರ ಬದಲಿಗೆ ಎಚ್ಚರವಾಗಿರುವುದು.

ಕಣ್ಣು ಹೊರಳಿಸಿದರು. ತಲೆಯ ಹತ್ತಿರ ಮರಿ ನಿಂತಿದ್ದಳು. ಎಡಗೈಯ ಕಿರುಬೆರಳನ್ನು ಬಲಗೈಯಲ್ಲಿ ಹಿಡಿದು ನೀವಿಕೊಳ್ಳುತ್ತಿದ್ದಳು.

"ನೀನು ಎಲ್ಲಿಗೂ ಹೋಗ್ಲಿಲ್ವಾ?" ಎಂದು ಕೇಳಿದರು.

"ನಾನೆಲ್ಲಿಗೆ ಹೋಗ್ಲಿ ಸರ್" ಎಂದಳು ಮರಿ. "ಹೋಗಿದ್ದು ನೀವಲ್ವಾ."